ಅಣ್ಣನ ಎದೆಗೆ ನಾನು ಹೇಳಿದ ಮದ್ದು

ಚಳ್ಳಕೆರೆಯಲ್ಲಿ ನಮ್ಮದು ಶೇಂಗಾ ಸುಲಿಯುವ ಮಿಲ್ಲು. ವ್ಯಾಪಾರ ನನ್ನದು, ಯಂತ್ರ ಅಣ್ಣನದು. ಅಂದರೆ ನೆರಳು ನನಗೆ, ಧೂಳು ಅವನಿಗೆ. ಸಂಜೆ ಯಂತ್ರ ನಿಂತ ಮೇಲೆ ಎಲ್ಲರಿಗೂ ಒಂದೊಂದು ಚೂರು ಬೆಲ್ಲ ಹಂಚುವುದು ಅಪ್ಪನ ಕಾಲದ ರೂಢಿ. ಬೆಲ್ಲ ತಿಂದರೆ ಎದೆಯ ಧೂಳು ಇಳಿಯುತ್ತದೆಂದು ನಂಬಿದ್ದೆವು. ಅಣ್ಣನಿಗೆ ದೊಡ್ಡ ಚೂರನ್ನೇ ಇಡುತ್ತಿದ್ದೆ.

ಹಲವು ವರ್ಷಗಳ ಹಿಂದೆ ಅವನಿಗೆ ಅಸ್ತಮಾ ಶುರುವಾದಾಗ ಡಾಕ್ಟರು ದಿನಕ್ಕೆರಡು ಸಲ ಎಳೆದುಕೊಳ್ಳಲು ಇನ್‌ಹೇಲರ್ ಬರೆದುಕೊಟ್ಟರು. ನಾನೇ ಅಡ್ಡಬಾಯಿ ಹಾಕಿದೆ.

"ಪಂಪು ಅಭ್ಯಾಸ ಆದ್ರೆ ಬಿಡಲ್ಲಣ್ಣ. ಉಸಿರು ಕಟ್ಟಿದಾಗ ಅಷ್ಟೇ ಹೊಡ್ಕೋ. ಉಳಿದಂಗೆ ಬೆಲ್ಲ ಐತಲ್ಲ."

ನಾನು ಪಿಯುಸಿ ಪಾಸು, ಅವನು ಏಳನೇ ಕ್ಲಾಸು. ನನ್ನ ಮಾತು ಅವನಿಗೆ ವೇದವಾಕ್ಯ. ಹಾಳಾದ ನನ್ನ ಜಾಣತನ!

ಹೋದ ತಿಂಗಳು ನನ್ನ ಮಗಳ ಮದುವೆಗೆ ಸೀರೆ ತರಲು ಮೊಳಕಾಲ್ಮೂರಿಗೆ ಹೋಗಿದ್ದೆವು. ನೇಕಾರರ ಮನೆಗೆ ಏಳು ಮೆಟ್ಟಿಲು. ಮೂರನೆಯದರ ಮೇಲೆ ಅಣ್ಣ ಕುಳಿತುಬಿಟ್ಟ. ಪಂಪು ಹೊಡೆದರೂ ಉಸಿರು ಸಡಿಲವಾಗಲಿಲ್ಲ. ಆ ಮನೆಯ ಮುದುಕಿ ತೆಲುಗಿನಲ್ಲಿ "ಮೆಲ್ಲಗಾ, ಸಾಮಿ, ಮೆಲ್ಲಗಾ" ಎನ್ನುತ್ತ ನೀರು ತಂದಳು. ಸೀರೆಗಳನ್ನು ಮೆಟ್ಟಿಲಿಗೇ ತಂದು ಬಿಡಿಸಿ ತೋರಿಸಿದರು.

ಮರುದಿನ ಎದೆ ಡಾಕ್ಟರು ಸ್ಕ್ಯಾನ್ ಮಾಡಿಸಿ, ಚೀಟಿಯ ಹಿಂದೆ ಒಂದು ಕೊಳವೆಯ ಚಿತ್ರ ಬರೆದರು. ಧೂಳಿಗೆ ಉಸಿರುನಾಳ ಊದಿಕೊಳ್ಳುತ್ತದೆ, ಒಳಪದರ ಗಾಯವಾಗುತ್ತದೆ. ಗಾಯ ಮುಚ್ಚಲು ದೇಹವೇ ಗ್ರೋತ್ ಫ್ಯಾಕ್ಟರ್ ಎಂಬ ವಸ್ತುಗಳನ್ನು ಬಿಡುತ್ತದೆ. ಅವು ನಾರು ಕಟ್ಟಿಸುತ್ತವೆ, ಸ್ನಾಯು ಬೆಳೆಸುತ್ತವೆ. ಊತ ವರ್ಷಗಟ್ಟಲೆ ಇಳಿಯದಿದ್ದರೆ ಈ ರಿಪೇರಿಯೂ ನಿಲ್ಲುವುದಿಲ್ಲ. ನಾಳದ ಗೋಡೆ ದಪ್ಪವಾಗಿ ಗಾಳಿಯ ದಾರಿ ಕಿರಿದಾಗುತ್ತದೆ. ದಿನಾ ಎಳೆದುಕೊಳ್ಳಬೇಕಿದ್ದ ಔಷಧಿ ಆ ಊತ ತಗ್ಗಿಸಲೆಂದೇ ಇತ್ತು. ನಾನು ಬೆಲ್ಲದ ಮಾತೆತ್ತಿದ್ದಕ್ಕೆ, ಅದು ಹೋಗುವುದು ಹೊಟ್ಟೆಗೆ, ಉಸಿರುನಾಳಕ್ಕಲ್ಲ ಎಂದೂ ಹೇಳಿದರು. ನಗಲಿಲ್ಲ.

"ಈಗ್ಲಿಂದ ದಿನಾ ತಗೊಂಡ್ರೆ ಸರಿಹೋಗ್ತೈತೇನ್ರಿ?" ಎಂದೆ.

"ಇನ್ನೂ ಕೆಡದಂಗೆ ನೋಡ್ಕೋಬೋದು. ಈಗಾಗ್ಲೇ ಗಟ್ಟಿಯಾಗಿರೋದು ಕರಗೋದು ಕಷ್ಟ."

ಸಿಟ್ಟು ತೀರಿಸಿಕೊಳ್ಳಲು ನನ್ನನ್ನು ಬಿಟ್ಟರೆ ಯಾರೂ ಇರಲಿಲ್ಲ. ಗಾಯ ಮುಚ್ಚಲು ಹೋದ ಅವನ ದೇಹಕ್ಕೆ ಏನೆಂದು ಬೈಯಲಿ? ಹೊರಗೆ ಬಂದು ಅವನಿಗೆ ಕಾರಿನ ಬಾಗಿಲು ತೆಗೆದೆ. ಅಣ್ಣನೇ ಮಾತಾಡಿದ.

"ನೀನು ಒಳ್ಳೇದಕ್ಕೇ ಹೇಳಿದ್ದೆ, ಬಿಡೋ."

ಅಷ್ಟು ಹೇಳಿ ಮುಗಿಸಲು ಅವನು ಎರಡು ಸಲ ಉಸಿರಿಗಾಗಿ ನಿಲ್ಲಬೇಕಾಯಿತು.