ಎರಡನೇ ಸಲ ತೆರೆದ ಪರದೆ

ಕಳೆದ ವಾರ ಪುಣೆಯ ಧನಕವಡಿಯಲ್ಲಿ ಚಪ್ಪಲಿ ಹೊಲಿಯುವವರ ಮುಂದೆ ಮಗಳ ಜೊತೆ ನಿಂತಿದ್ದೆ. ಅವಳ ಚೀಲದ ಪಟ್ಟಿ ಕಿತ್ತುಹೋಗಿತ್ತು. ಹಳೆಯ ತೊಗಲಿಗೆ ಅವರು ಎಣ್ಣೆ ಸವರಿದ್ದೇ ತಡ, ಪಕ್ಕದ ಮನೆಯ ಅಕ್ಕ ನೆನಪಾದಳು... ಅವಳು ಕಾಲಿಗೆ ಆಸರೆಯಾಗಿ ಕಟ್ಟುತ್ತಿದ್ದ ಕ್ಯಾಲಿಪರಿನ ತೊಗಲು ಪಟ್ಟಿಗಳಿಗೂ ಇದೇ ವಾಸನೆಯಿತ್ತು.

ಚಿಕ್ಕಂದಿನಲ್ಲಿ ಪೋಲಿಯೊ ಆಗಿ ಅಕ್ಕನ ಕಾಲು ಸೋತಿದ್ದವು. ನಾಲಿಗೆ ಮಾತ್ರ ಯಾರಿಗೂ ಸೋತದ್ದಲ್ಲ. ಧಾರವಾಡದಿಂದ ಬಂದ ಅತ್ತೆಯೊಬ್ಬಳು ಪುಣೆಯಲ್ಲಿ ಕಾಯಿಪಲ್ಲೆ ಕೊಳ್ಳುವ ನಗೆಪ್ರಸಂಗವೊಂದನ್ನು ಅಕ್ಕ ಕಟ್ಟಿದ್ದಳು. ಕನ್ನಡಕ್ಕೇ ಒಂದೊಂದು ‘ಆಹೇ’ ಅಂಟಿಸಿದರೆ ಮರಾಠಿಯಾಯಿತೆಂದು ಆ ಅತ್ತೆಯ ನಂಬಿಕೆ. “ಬದನಿಕಾಯಿ ಹೆಂಗ ಆಹೇ? ಒಳಗ ಹುಳಾ ಏನರ ಆಹೇ?” ಕೊಳ್ಳುವವಳೂ ಮಾರುವವಳೂ ಅಕ್ಕನೇ. ನಾವು ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದೆವು. ಅಂಥ ಅತ್ತೆ ನಮ್ಮೆಲ್ಲರ ಮನೆಯಲ್ಲೂ ಇದ್ದಳಲ್ಲ.

ವೇದಿಕೆಯ ಮೇಲೆ ಅಕ್ಕನದು ಒಂದೇ ಕರಾರು. ಪರದೆ ತೆರೆಯುವ ಮೊದಲೇ ಕ್ಯಾಲಿಪರ್ ಬಿಚ್ಚಿ ಕಾಯಿಪಲ್ಲೆ ಬುಟ್ಟಿಗಳ ನಡುವೆ ಕೂತುಬಿಡುತ್ತಿದ್ದಳು. ಪರದೆ ಮುಚ್ಚಿದ ಮೇಲೆಯೇ ಏಳುತ್ತಿದ್ದಳು. ಇದು ನಾಚಿಕೆಯಲ್ಲ, ದಿನವೂ ಊರುಗೋಲು ಹಿಡಿದು ಸ್ವಾರಗೇಟದ ನೂಕುನುಗ್ಗಲಿನಲ್ಲಿ ಬಸ್ಸು ಹತ್ತುವವಳಿಗೆ ಎಂಥ ನಾಚಿಕೆ? ಹಾಗಾದರೆ ಏಕೆಂದು ಒಮ್ಮೆ ನಾನೇ ಕೇಳಿದ್ದೆ. “ಕಾಲು ಕಂಡ್ರ ಮಂದಿ ಪಾಪ ಅಂತಾರ. ಒಮ್ಮೆ ಪಾಪ ಅಂದವರು ಮತ್ತ ನಗೂದಿಲ್ಲ,” ಅಂದಿದ್ದಳು.

ನಮ್ಮ ಕನ್ನಡ ಬಳಗದ ಕಾರ್ಯದರ್ಶಿಯನ್ನು ಅಕ್ಕ ಕಾಕಾ ಅನ್ನುತ್ತಿದ್ದಳು. ಅವಳ ಮನೆಯ ಗಿರಮಿಟ್ಟು ತಿನ್ನುತ್ತ, ಪ್ರಸಂಗ ತಿದ್ದಿಕೊಟ್ಟವರೂ ಅವರೇ. ಒಂದು ವರ್ಷ ಬಳಗದ ಕಾರ್ಯಕ್ರಮಕ್ಕೆ ದೊಡ್ಡ ಸಭಾಗೃಹ ಹಿಡಿದಿದ್ದರು. ಪರದೆಯ ಹಗ್ಗ ತಾವೇ ಹಿಡಿದು, ಕಾಲು ಯಾರಿಗೂ ಕಾಣದಂತೆ ನೋಡಿಕೊಳ್ಳುವುದಾಗಿ ನನ್ನೆದುರೇ ಅಕ್ಕನಿಗೆ ಮಾತು ಕೊಟ್ಟರು.

ಆ ಸಂಜೆ ಜನ ನಕ್ಕದ್ದು ಇನ್ನೂ ಕಿವಿಯಲ್ಲಿದೆ... ಗಂಭೀರ ಮೋರೆಯ ಗಂಡಸರೂ ಮೊಣಕಾಲು ಬಡಿದುಕೊಂಡು ನಕ್ಕರು. ಪರದೆ ಮುಚ್ಚಿತು. ನಾನು ಓಡಿಹೋಗಿ ಅಕ್ಕನ ಕ್ಯಾಲಿಪರ್ ಕಟ್ಟತೊಡಗಿದೆ. ಇನ್ನೂ ಒಂದು ಪಟ್ಟಿ ಬಿಗಿಯುವುದಿತ್ತು, ಅಷ್ಟರಲ್ಲಿ ಪರದೆ ಮತ್ತೆ ತೆರೆಯಿತು.

ಹಗ್ಗ ಕಾಕಾ ಅವರ ಕೈಯಲ್ಲಿತ್ತು. ಇನ್ನೊಂದು ಕೈಯಲ್ಲಿ ಮೈಕು. ಇಂಥ ಕಾಲಿದ್ದೂ ಈ ತಾಯಿ ನಮ್ಮನ್ನು ನಗಿಸಿದಳು, ನೋಡಿ ಎಂದರು. ಅಕ್ಕ ಊರುಗೋಲು ಊರಿ ತಡವರಿಸಿ ಎದ್ದಳು. ಜನರೂ ಎದ್ದು ನಿಂತು ಚಪ್ಪಾಳೆ ತಟ್ಟಿದರು, ಕಣ್ಣೊರೆಸಿಕೊಂಡರು. ಈಗಷ್ಟೇ ಅತ್ತೆಯನ್ನು ನೋಡುತ್ತಿದ್ದ ಕಣ್ಣುಗಳೆಲ್ಲ ಈಗ ಅವಳ ಕಾಲಿನ ಮೇಲಿದ್ದವು.

ಒಳಗೆ ಬಂದ ಮೇಲೆ ಅಕ್ಕ ದನಿ ಏರಿಸಲಿಲ್ಲ.

“ನಾ ಎಲ್ಲಾರನೂ ನಗಿಸಿದ್ದೆ ಕಾಕಾ. ನೀವು ಅಳಿಸಿಬಿಟ್ರಿ.”

“ತಪ್ಪೇನಾತವಾ? ಇಡೀ ಸಭಾ ಎದ್ದು ನಿಂತಿತ್ತು,” ಎಂದರು ಅವರು. ನಿಜಕ್ಕೂ ಅವರಿಗೆ ತಿಳಿದಿರಲಿಲ್ಲ. ಆದರೂ ನನ್ನ ಸಿಟ್ಟು ಇವತ್ತಿಗೂ ಇಳಿದಿಲ್ಲ. ತಿಳಿಯದಿದ್ದರೇನು, ಮಾತು ಕೊಟ್ಟಿದ್ದರಲ್ಲ!

ಅಕ್ಕ ಮತ್ತೆ ವೇದಿಕೆ ಹತ್ತಲಿಲ್ಲ. ಪುಣೆ ಬಿಟ್ಟು, ಭೋರ್ ಎಂಬ ಊರಿನಲ್ಲಿದ್ದ ತನ್ನ ಅಣ್ಣನ ಮನೆಗೆ ಹೋದಳು. ಹೋದ ತಿಂಗಳು ಅಲ್ಲೇ ತೀರಿಕೊಂಡಳು. ಬಳಗದ ವಾಟ್ಸಾಪ್ ಗುಂಪಿಗೆ ಆ ಸುದ್ದಿ ಹಾಕಿದವರೂ ಕಾಕಾನೇ, ಜೊತೆಗೊಂದು ವಿಡಿಯೊ. ಪ್ರಸಂಗವನ್ನು ಯಾರೂ ಚಿತ್ರಿಸಿಕೊಂಡಿರಲಿಲ್ಲ. ಉಳಿದಿರುವುದು ಅವಳು ಎದ್ದು ನಿಂತದ್ದು, ಅವಳ ಕಾಲ ಬಳಿ ಬಗ್ಗಿದ ನನ್ನ ಬೆನ್ನು, ಮತ್ತು ಚಪ್ಪಾಳೆ. ಕೆಳಗೆ ಸಾಲುಸಾಲು ಕೈಮುಗಿದ ಚಿತ್ರಗಳು.

ಮಗಳ ಚೀಲದ ಪಟ್ಟಿ ಹೊಲಿದಾಗಿತ್ತು. ಮನೆಗೆ ಬರುವ ದಾರಿಯಲ್ಲಿ ಕಾಯಿಪಲ್ಲೆ ಗಾಡಿ ಕಂಡು ನನ್ನ ಬಾಯಿಂದ ತಾನಾಗಿಯೇ “ಒಳಗ ಹುಳಾ ಏನರ ಆಹೇ?” ಎಂದು ಬಂತು. ಮಗಳು ಬಿದ್ದುಬಿದ್ದು ನಕ್ಕಳು. ಯಾರ ಮಾತು ಇದು, ವಿಡಿಯೊ ಇದೆಯಾ ಎಂದು ಕೇಳಿದಳು.

ಫೋನು ಕೈಯಲ್ಲೇ ಇತ್ತು. ಇಲ್ಲ ಎಂದೆ.