ಕೆಂಪು ಟೋಪಿಯವನು

ಮೊನ್ನೆ ಉಪ್ಸಾಲಾದ ನಮ್ಮ ಮನೆಗೆ ಫೀಕಾಗೆಂದು, ಅಂದರೆ ಇಲ್ಲಿನವರ ಕಾಫಿ-ಹರಟೆಗೆಂದು, ಬಂದ ಹೊಸ ಸಹೋದ್ಯೋಗಿ ರಶ್ಮಿ, ಬೂಟು ಕಳಚುತ್ತಾ ಗೋಡೆಯ ಚಿತ್ರ ನೋಡಿ, "ನಿಮಗೆ ಸ್ಕೇಟಿಂಗ್ ಬರತ್ತಾ ಸರ್?" ಎಂದಳು. ನನ್ನನ್ನು ಕಲಾರಸಿಕ ಎಂದುಕೊಳ್ಳಬೇಡಿ. ಹಿಂದಿನ ಬಾಡಿಗೆಯವರು ಗೋಡೆಯಲ್ಲಿ ಬಿಟ್ಟುಹೋದ ತೂತನ್ನು ಮುಚ್ಚಲು ಸರಿಯಾದ ಅಳತೆಯದೆಂದು ಹಳೆ ಸಾಮಾನಿನ ಅಂಗಡಿಯಲ್ಲಿ ಕೊಂಡದ್ದು.

ಚಿತ್ರದಲ್ಲಿ ಹೆಪ್ಪುಗಟ್ಟಿದ ಕಾಲುವೆ, ಅದರ ಮೇಲೆ ಊರಿಗೆ ಊರೇ ಜಾರುತ್ತಿದೆ. ಪಾದ್ರಿ, ಹಾಲಿನವಳು, ನಾಯಿ, ಯಾರಿಗೂ ಮಾಡಲು ಬೇರೆ ಕೆಲಸವಿದ್ದಂತಿಲ್ಲ. ನಡುವೆ ಕೆಂಪು ಟೋಪಿಯವನೊಬ್ಬ ಕೈ ಹಿಂದೆ ಕಟ್ಟಿಕೊಂಡು ಒಂಟಿಕಾಲಿನಲ್ಲಿ ತೇಲುತ್ತಿದ್ದಾನೆ. ಕೊಂಡ ಹೊಸದರಲ್ಲಿ ಇದರ ಫೋಟೋವನ್ನು ಬೆಂಗಳೂರಿನಲ್ಲಿದ್ದ ಅಮ್ಮನಿಗೆ ಕಳಿಸಿ, ನಾನೂ ಥೇಟ್ ಹೀಗೇ ಜಾರುತ್ತೇನೆಂದು ಬರೆದೆ. ಆಗ ನನಗಿದ್ದ ಪರಿಣತಿ ಬಸ್‌ಸ್ಟಾಪಿನಿಂದ ಮನೆಯವರೆಗೆ ಗೋಡೆ ಹಿಡಿದು ನಡೆಯುವಷ್ಟು. ಅಮ್ಮ ಬೀದಿಗೆಲ್ಲ ಸಾರಿದಳು.

ಎರಡು ವರ್ಷದ ನಂತರ, ಚಳಿಗಾಲದಲ್ಲೇ, ಅಮ್ಮ ಬಂದಿಳಿದಳು. ಸೂಟ್‌ಕೇಸಿನ ತುಂಬ ಚಟ್ನಿಪುಡಿ, ತಲೆಯಲ್ಲಿ ಒಂದೇ ಆಸೆ.

"ನೀನು ಜಾರೋದು ನೋಡ್ಬೇಕು ಕಣೋ."

"ಅದಕ್ಕೆ ಕೊಮ್ಯೂನ್ ಪರ್ಮಿಷನ್ ಬೇಕಮ್ಮ," ಎಂದೆ. ಇಲ್ಲಿನ ಪುರಸಭೆಯ ಹೆಸರು ಹೇಳಿದರೆ ಎಂಥವರೂ ಸುಮ್ಮನಾಗುತ್ತಾರೆ.

ಕಿಟಕಿಯಾಚೆ ಶಿಶುವಿಹಾರದ ಪುಟಾಣಿಗಳು ಸ್ಕೇಟು ಹಿಡಿದು ಸಾಲಾಗಿ ಹೊರಟಿದ್ದವು. "ಇವ್ರೆಲ್ಲ ತಗೊಂಡಿದಾರಾ?" ಎಂದಳು ಅಮ್ಮ.

ಕೊನೆಗೆ ಬಾಡಿಗೆ ಸ್ಕೇಟು ಕಟ್ಟಿಕೊಂಡು ಕೆರೆಯಂಚಿನ ಬೆಂಚಿನ ಮೇಲೆ ಕೂತೆ. ಏಳಲಾಗಲಿಲ್ಲ. ಎರಡು ಸಲ ಎದ್ದೆ, ಎರಡು ಸಲವೂ ಬೆಂಚೇ ನನ್ನನ್ನು ವಾಪಸ್ ಕರೆಸಿಕೊಂಡಿತು. ನಾಚಿಕೆಯಿಂದ ಕುಗ್ಗಿಹೋದೆ. ಅಮ್ಮ ನನ್ನ ಕಾಲು ನೋಡಿದಳು, ಮುಖ ನೋಡಿದಳು. ಕಲಿಯುವವರು ಹಿಡಿದುಕೊಳ್ಳಲೆಂದು ಅಲ್ಲಿ ಹಳೆಯ ಕುರ್ಚಿಗಳಿದ್ದವು. ಒಂದನ್ನು ಹೆಪ್ಪುಗಟ್ಟಿದ ಕೆರೆಯ ಮೇಲೆಳೆದು, ಸೀರೆಯ ಮೇಲೆ ತೊಟ್ಟಿದ್ದ ನನ್ನ ಕೋಟು ಸರಿಮಾಡಿಕೊಂಡು ಕೂತಳು.

"ನಂಗೂ ಆಸೆ. ತಳ್ಳು."

ಕುರ್ಚಿಯ ಬೆನ್ನು ಹಿಡಿದು ತಳ್ಳಿದೆ. ಕುರ್ಚಿ ಸರಿಯಿತು, ಹಿಂದೆ ನಾನೂ.

"ಗಟ್ಟಿಯಾಗಿ ಹಿಡ್ಕೊ. ನಾನು ಭಾರ ಇದೀನಿ, ನೀನು ಬೀಳಲ್ಲ," ಎಂದಳು, ಹಿಂದಿರುಗಿ ನೋಡದೆ.

ನನ್ನ ಸುಳ್ಳಿನ ಬಗ್ಗೆ ಒಂದು ಮಾತೂ ಆಡಲಿಲ್ಲ. ಊರಿಗೆ ಮರಳಿ, ಮಗ ಬಹಳ ಚೆನ್ನಾಗಿ ಜಾರುತ್ತಾನೆಂದು ಬೀದಿಗೆಲ್ಲ ಮತ್ತೊಮ್ಮೆ ಹೇಳಿದಳಂತೆ. ಹೋದ ವರ್ಷ ತೀರಿಕೊಂಡಳು. ನಿಜ ಹೇಳಿಬಿಡಬೇಕೆಂದು ಎಷ್ಟೋ ಸಲ ಫೋನೆತ್ತಿದ್ದೆ, ಪ್ರತಿಸಲವೂ ಊಟವಾಯಿತೇ ಎಂದು ಕೇಳಿ ಇಟ್ಟಿದ್ದೆ. ಈಗ ಅದು ಎದೆಯಲ್ಲೇ ಉಳಿದಿದೆ.

ರಶ್ಮಿ ಇನ್ನೂ ಉತ್ತರಕ್ಕೆ ಕಾಯುತ್ತಿದ್ದಳು. ಇಷ್ಟು ವರ್ಷ ನಾನೇ ಎಂದು ಅತಿಥಿಗಳಿಗೆ ತೋರಿಸುತ್ತಿದ್ದ ಕೆಂಪು ಟೋಪಿಯತ್ತ ಬೆರಳು ಹೋಗಿತ್ತು, ಹಿಂದೆಗೆದೆ.

"ಬರಲ್ಲಮ್ಮ," ಎಂದೆ.

ಚಿತ್ರದ ಮೂಲೆಯಲ್ಲಿ, ಮುದುಕಿಯೊಬ್ಬಳನ್ನು ಕುರ್ಚಿಯಲ್ಲಿ ಕೂರಿಸಿ ತಳ್ಳುತ್ತಿರುವವನೊಬ್ಬನಿದ್ದಾನೆ. ಅವನನ್ನು ತೋರಿಸಿದೆ.

"ಇವನೇ ನಾನು. ಕೂತ್ಕೊಂಡು ನನ್ನ ಹಿಡ್ಕೊಂಡಿರೋದು ನಮ್ಮಮ್ಮ."