ಎದುರು ಮನೆಯ ಕಾಕು ಕಂಡ ನೀಲಿ ಕಲೆಗಳು

ಕಳೆದ ವಾರ ಪುಣೆಯ ಬಿಬವೇವಾಡಿ ಮಾರ್ಕೆಟ್ಟಿನಲ್ಲಿ ಯಾರೋ ಹರಳೆಣ್ಣೆಯನ್ನು ಬಾಟಲಿಗೆ ಸುರಿಯುತ್ತಿದ್ದರು. ಆ ವಾಸನೆಗೆ ಕಾಲು ನಿಂತುಬಿಟ್ಟಿತು... ಎದುರು ಮನೆಯ ಕಾಕು ನೆನಪಾದರು; ಚಿಕ್ಕಮ್ಮ ಎನ್ನುವಂತೆ ಎಲ್ಲರೂ ಅವರನ್ನು ಕಾಕು ಎನ್ನುತ್ತಿದ್ದರು.

ವಿಜಯಪುರದ ಕಡೆಯವರು, ಒಂಟಿ ಜೀವ. ನಾನು ಆಫೀಸಿನಿಂದ ಬರುವವರೆಗೆ ಮಗಳು ಅವರಲ್ಲೇ ಇರುತ್ತಿದ್ದಳು. ಭಾನುವಾರ ಅವಳಿಗೆ ಎಣ್ಣೆ ಹಚ್ಚಿ ಎರೆಯುತ್ತಿದ್ದುದೂ ಅವರೇ. ಅಂಥದ್ದೊಂದು ಭಾನುವಾರ ನನ್ನನ್ನು ಬಾಗಿಲಿಗೆ ಕರೆದು, ದನಿ ತಗ್ಗಿಸಿ ಕೇಳಿದರು.

"ತಪ್ಪ ತಿಳ್ಕೋಬ್ಯಾಡ್ರಿ. ಹುಡುಗಿಗೆ ಹೊಡೀತೀರೇನ್ರಿ? ಬೆನ್ನು, ತೊಡಿ ತುಂಬ ನೀಲಿ ಕಲಿ ಬಿದ್ದಾವ."

ನನಗೆ ಮೈ ಉರಿದುಹೋಯಿತು. ಹನ್ನೆರಡು ವರ್ಷದವಳು, ಖೋಖೋ ಆಡುತ್ತಾಳೆ, ಬಿದ್ದಿರುತ್ತಾಳೆ ಎಂದು ಬಾಗಿಲು ಹಾಕಿಕೊಂಡೆ. ಮಗಳನ್ನು ಅವರಲ್ಲಿಗೆ ಕಳಿಸುವುದನ್ನೇ ನಿಲ್ಲಿಸಿದೆ. ಆ ಕಲೆಗಳನ್ನು ಒಮ್ಮೆಯೂ ಸರಿಯಾಗಿ ನೋಡಲಿಲ್ಲ.

ಮೂರು ವಾರದ ಮೇಲೆ ಒಂದು ಬೆಳಿಗ್ಗೆ ಅವಳ ಮೂಗಿನಿಂದ ಸುರಿದ ರಕ್ತ ನಿಲ್ಲಲೇ ಇಲ್ಲ. ನನ್ನ ಕೂಗು ಕೇಳಿ ಓಡಿಬಂದವರು ಕಾಕು. ಮೂಗು ಒತ್ತಿ ಹಿಡಿದು, ರಿಕ್ಷಾದವನನ್ನು ಮರಾಠಿಯಲ್ಲಿ ಗದರುತ್ತಾ ಆಸ್ಪತ್ರೆಗೆ ಮುಟ್ಟಿಸಿದರು. ರಕ್ತ ಹೆಪ್ಪುಗಟ್ಟಿಸುವ ಪ್ಲೇಟ್‌ಲೆಟ್ ತುಂಬ ಕಡಿಮೆ ಇದ್ದವು. ದೇಹವೇ ಅವನ್ನು ಕೊಲ್ಲುವ ಕಾಯಿಲೆ ಎಂದರು ಬೆಳಗಾವಿ ಕಡೆಯ ಡಾಕ್ಟರು. ಕಲೆ ಶುರುವಾಗಿ ಎಷ್ಟು ದಿನವಾಯಿತು ಎಂದು ಕೇಳಿದರು.

"ಒಂದು ವಾರ" ಎಂದೆ.

ಕಾಕು ನನ್ನತ್ತ ನೋಡದೆ ಹೇಳಿದರು: "ಇಲ್ರಿ ಡಾಕ್ಟರ್. ದೀಪಾವಳಿ ಎಣ್ಣಿಸ್ನಾನದಾಗ ಒಂದೆರಡ ಇದ್ವು. ನಾಲ್ಕ್ ತಿಂಗಳಾತು. ಜ್ವರ ಗಿರ ಏನೂ ಬಂದಿಲ್ಲ."

ಡಾಕ್ಟರು ಪೆನ್ನು ಕೆಳಗಿಟ್ಟರು. ಸಣ್ಣ ಮಕ್ಕಳಿಗೆ ಇದು ಜ್ವರದ ಬೆನ್ನಿಗೇ ಥಟ್ಟನೆ ಬಂದರೆ ಹೆಚ್ಚಾಗಿ ಕೆಲವು ತಿಂಗಳಲ್ಲಿ ಹೋಗುತ್ತದಂತೆ. ಹತ್ತು ದಾಟಿದವರಲ್ಲಿ, ಅದರಲ್ಲೂ ಹುಡುಗಿಯರಲ್ಲಿ, ಹೀಗೆ ಜ್ವರವಿಲ್ಲದೆ ಮೆಲ್ಲಗೆ ಬಂದದ್ದು ವರ್ಷ ದಾಟಿಯೂ ಉಳಿಯುವ ಸಂಭವ ಜಾಸ್ತಿ. ಖಚಿತವಾಗಿ ಹೇಳಲಾಗದು ಎಂದರು. ನಾನು ತಡಮಾಡಿದ್ದಕ್ಕೇ ಹೀಗಾಯಿತೇ ಎಂದು ಅಳುತ್ತಾ ಕೇಳಿದೆ. ಅದಕ್ಕಲ್ಲ ಎಂದರು. ಆದರೂ...

ವರ್ಷ ದಾಟಿತು, ಕಾಯಿಲೆ ಉಳಿಯಿತು. ಖೋಖೋ ನಿಂತಿತು. ಕಾಕು ಮತ್ತೆ ಪ್ರತಿ ಭಾನುವಾರ ಎರೆಯುವಾಗ ಹೊಸ ಕಲೆ ಹುಡುಕಿ ನನಗೆ ತೋರಿಸುತ್ತಿದ್ದರು. ಅವತ್ತಿನ ನನ್ನ ಸಿಟ್ಟಿನ ಮಾತೆತ್ತಲಿಲ್ಲ. ನಾನೂ ಎತ್ತಲಿಲ್ಲ. ಇವತ್ತು ಕ್ಷಮೆ ಕೇಳೋಣ, ನಾಳೆ ಕೇಳೋಣ ಎನ್ನುವಷ್ಟರಲ್ಲಿ ಒಂದು ಮಧ್ಯಾಹ್ನ ಕಾಕು ಎದೆನೋವು ಬಂದು ಹೋಗಿಬಿಟ್ಟರು.

ಮಗಳೀಗ ಕಾಲೇಜಿಗೆ ಹೋಗುತ್ತಾಳೆ. ಮಾತ್ರೆ, ರಕ್ತ ಪರೀಕ್ಷೆ ನಡೆದೇ ಇವೆ. ಆ ಮೂರು ವಾರ ತನ್ನನ್ನು ಕಾಕು ಮನೆಗೆ ಯಾಕೆ ಕಳಿಸಲಿಲ್ಲ ಎಂದು ಅವರು ಹೋದ ಮೇಲೆ ಒಮ್ಮೆ ಕೇಳಿದ್ದಳು.

"ಕಾಕುನೇ ಬೇಡ ಅಂದಿದ್ರು ಕಣೇ, ಅವರಿಗೆ ಹುಷಾರಿರ್ಲಿಲ್ಲ" ಎಂದಿದ್ದೆ.

ಅವಳು ಇವತ್ತಿಗೂ ಅದನ್ನೇ ನಂಬಿದ್ದಾಳೆ.